ನೂರಾ ಮೂವತ್ತೊಂದರಲ್ಲಿ ನಮ್ಮ ತಲೆ ಎಷ್ಟು?



2017ರ ಜುಲೈ ತಿಂಗಳ ರಾಷ್ಟ್ರಪತಿ ಚುನಾವಣೆಯಲ್ಲಿ ಒಂದು ಕಡೆ ರಾಮನಾಥ ಕೋವಿಂದ್, ಇನ್ನೊಂದು ಕಡೆ ಮೀರಾ ಕುಮಾರ್. ಇಬ್ಬರೂ ದಲಿತರೆ. ಕರ್ನಾಟಕದ 163 ಶಾಸಕರು ಮೀರಾ ಕುಮಾರರಿಗೆ, 56 ಶಾಸಕರು ಕೋವಿಂದರಿಗೆ ಮತ ಹಾಕಿದರು. ದೇಶದ ಲೆಕ್ಕದಲ್ಲಿ ಗೆದ್ದವರು ಕೋವಿಂದ್. ‘ಯಾರ ಗೆದ್ರೂ ನಮ್ಮವರ ಅಲ್ಲೇನು, ಇನ್ನೇನ ಬೇಕು?’ ಅನ್ನುವವರಿದ್ದಾರೆ. ಬೇಕಾದದ್ದು ಬಹಳ ಇದೆ.

ಹಳೇ ಲೆಕ್ಕ ತೆಗೆಯೋಣ. 1969ರ ಜುಲೈ. ಬೆಂಗಳೂರಿನಲ್ಲಿ ಕಾಂಗ್ರೆಸ್ಸಿನ ಪಾರ್ಲಿಮೆಂಟರಿ ಬೋರ್ಡು ಕೂತಿತ್ತು. ಇದೇ ಮೀರಾ ಕುಮಾರರ ತಂದೆ ಬಾಬು ಜಗಜೀವನ ರಾಂ ರಾಷ್ಟ್ರಪತಿಯಾಗಲಿ ಎಂದು ಇಂದಿರಾ ಗಾಂಧಿ ಹೆಸರು ಮುಂದಿಟ್ಟರು. ಗಾಂಧಿ ಶತಮಾನೋತ್ಸವದ ವರ್ಷ ಬೇರೆ! ಬೋರ್ಡಿನ ಬಹುಮತ ನೀಲಂ ಸಂಜೀವ ರೆಡ್ಡಿ ಎಂದಿತು. ಆಮೇಲೆ ಇಂದಿರಾ ‘ಆತ್ಮಸಾಕ್ಷಿ’ಯ ಮತ ಕೇಳಿದರು. ಆ ಆತ್ಮಸಾಕ್ಷಿ ಹೋಗಿ ನಿಂತದ್ದು ವಿ.ವಿ. ಗಿರಿಯವರ ಹತ್ತಿರ. ಮತಚೀಟಿಯಲ್ಲಿ ಜಗಜೀವನ ರಾಮರ ಹೆಸರೇ ಇರಲಿಲ್ಲ. ದೊಡ್ಡವರ ಜಗಳಕ್ಕೆ ದಲಿತನ ಹೆಸರು ದಾಳ!

ಅದೇ ಬೆಂಗಳೂರಿನಲ್ಲಿ 48 ವರ್ಷದ ಮೇಲೆ ಮಗಳಿಗೆ 163 ಮತ. ಮನಸ್ಸು ಬದಲಾಯಿತೆ? ಇಲ್ಲ, ಪಕ್ಷ ಹೇಳಿತು, ಹಾಕಿದರು. ಈ ಚುನಾವಣೆಗೆ ವಿಪ್ ಇಲ್ಲ, ಮತ ಗುಪ್ತ. ಆದರೂ ಶಾಸಕರು ದಿಲ್ಲಿಯ ಕಡೆ ನೋಡಿದರೆ ಹೊರತು ಕೇರಿಯ ಕಡೆ ನೋಡಲಿಲ್ಲ.

ಈಗ ನಮ್ಮ ಸೀಮೆಯ ಲೆಕ್ಕ. 1971ರ ಜನಗಣತಿಯ ಸುಮಾರು 2 ಕೋಟಿ 93 ಲಕ್ಷ ಜನರನ್ನು 224 ಶಾಸಕರಿಗೆ ಹಂಚಿ, ಸಾವಿರದಿಂದ ಭಾಗಿಸಿದರೆ 131. ಒಬ್ಬ ಶಾಸಕನ ಮತದ ತೂಕ ಅದು. ಜಮಖಂಡಿ, ಮೀಸಲು ಕ್ಷೇತ್ರ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೇರಿದ ತೇರದಾಳ, ನಾಲ್ಕೂ ಕೂಡಿ 524. ಈ ತೂಕ ಬಂದದ್ದು ಎಲ್ಲಿಂದ? ಊರ ಗೌಡರ ತಲೆ ಎಣಿಸಿದಂತೆ ನಮ್ಮ ಅಪ್ಪ ಅವ್ವಂದಿರ ತಲೆಯನ್ನೂ ಎಣಿಸಿದ್ದರಿಂದ. ಕಬ್ಬು ಕಡಿಯುವವರೂ ಅದರಲ್ಲಿದ್ದಾರೆ, ಮಗ್ಗದಲ್ಲಿ ಕೂತವರೂ ಇದ್ದಾರೆ. ತೂಕಕ್ಕೆ ನಾವು ಬೇಕು, ಮಾತಿಗೆ ಬೇಡ!

ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರೇ 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದರು. 1997ರಲ್ಲಿ ಕೆ.ಆರ್. ನಾರಾಯಣನ್ ಮೊದಲ ದಲಿತ ರಾಷ್ಟ್ರಪತಿಯಾದರು. ಹೆಮ್ಮೆ ಪಡೋಣ, ತಪ್ಪಲ್ಲ. ಆದರೆ ಕುರ್ಚಿ ದಿಲ್ಲಿಯಲ್ಲೇ ಇತ್ತು, ಕೇರಿ ಕೇರಿಯಾಗೇ ಇತ್ತು.

ಅದಕ್ಕೇ ಹಾಸ್ಟೆಲಿನ ತಮ್ಮಂದಿರೆ, ತಂಗಿಯರೆ, ಮುಂದಿನ ಸಲ ಮತ ಹಾಕಲು ಹೊರಡುವ ಮೊದಲು ಶಾಸಕರನ್ನು ಹಾಸ್ಟೆಲಿಗೆ ಕರೆಯಿರಿ. ನೆಲದ ಮೇಲೆ ನಿಮ್ಮ ಪಕ್ಕ ಕೂತು ಊಟ ಮಾಡಲಿ. ಆಮೇಲೆ ಕೇಳಿರಿ: ‘ಸಾಹೇಬರ, ಆ 131ರೊಳಗ ನಾವೂ ಇದ್ದೀವಿ. ಯಾರಿಗೆ ಹಾಕ್ತೀರಿ, ಯಾಕ ಹಾಕ್ತೀರಿ, ನಮಗ ಹೇಳಿ ಹೋಗ್ರಿ.’