ಚಾರ್ಜರ್ ‘ಒರಿಜಿನಲ್ಲಾ’ ಅಂತ ಕೇಳಬೇಡಿ ಮಾರಾಯ್ರೆ!

ಬ್ಲಾಗಿನ ಕಡೆ ತಲೆ ಹಾಕದೆ ತುಂಬಾ ದಿನ ಆಯ್ತು. ಇವತ್ತು ಸಿಟ್ಟು ಬಂದು ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಜಾಸ್ತಿಯಾದರೆ ಸಹಿಸಿಕೊಳ್ಳಿ.

ಕೋಟೇಶ್ವರದಲ್ಲಿ ನನ್ನ ದೊಡ್ಡಮ್ಮನ ಮನೆ. ಮಗ ಬಹರೈನಿನಲ್ಲಿ. ರಾತ್ರಿ ಅವನ ಹತ್ತಿರ ಮಾತಾಡಿ, ಫೋನನ್ನು ದಿಂಬಿನ ಪಕ್ಕ ಚಾರ್ಜಿಗೆ ಇಟ್ಟು ಮಲಗುವುದು ಅವರ ಅಭ್ಯಾಸ. ಮಳೆಗಾಲದ ಒಂದು ರಾತ್ರಿ ಗಾಳಿಗೆ ಗೆಲ್ಲು ಮುರಿದು ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ಕಟ್ಟಾಗಿದೆ. ನಮ್ಮೂರಲ್ಲಿ ಇದೇನು ಹೊಸತಲ್ಲ. ಬಲ್ಬು ಒಮ್ಮೆ ಪ್ರಖರವಾಗಿ ಉರಿದು, ಫ್ಯಾನು ಗರಗರ ಅಂದು... “ಎಂತ ಆಯ್ತ್ ಅಂದ್ ಗೊತ್ತಾಯ್ಲಿಲ್ಲ ಮಗಾ, ಟಪ್ ಅಂದ್ ಶಬ್ದ ಬಂತ್, ಮತ್ತೆ ಸುಟ್ಟ ವಾಸ್ನಿ” ಅಂದರು ದೊಡ್ಡಮ್ಮ. ಚಾರ್ಜರ್ ಕರಗಿ, ಎಕ್ಸ್‌ಟೆನ್ಷನ್ ಬಾಕ್ಸ್ ಕಪ್ಪಾಗಿ, ಹಾಸಿಗೆಯ ಅಂಚು ಅಂಗೈಯಗಲ ಸುಟ್ಟಿತ್ತು. ಅವರದು ಕೋಳಿನಿದ್ದೆಯಾದ್ದರಿಂದ ಎಚ್ಚರವಾಯ್ತು.

ಆ ರಾತ್ರಿ ಅದೇ ಮನೆಯ ಚಾವಡಿಯಲ್ಲಿ ಟೀವಿಯ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರೂ ಸತ್ತಿತ್ತು. ಅದು ಸತ್ತದ್ದು ಬೆಳಿಗ್ಗೆ ಟೀವಿ ಹಾಕಿದಾಗಲೇ ಗೊತ್ತಾದದ್ದು! ಎರಡನ್ನೂ ತಂದು ಬಿಚ್ಚಿದೆ. ಅಡಾಪ್ಟರಿನೊಳಗೆ ಒಂದು ಫ್ಯೂಸು ಹಾರಿತ್ತು, ಕೆಪಾಸಿಟರಿನ ನೆತ್ತಿ ಉಬ್ಬಿತ್ತು, ಅಷ್ಟೇ. ಫೋನಿನ ಚಾರ್ಜರಿನೊಳಗೆ ಫ್ಯೂಸೇ ಇರಲಿಲ್ಲ. 230 ವೋಲ್ಟ್ ಬರುವ ಬದಿಗೂ ಫೋನಿಗೆ ಹೋಗುವ 5 ವೋಲ್ಟಿನ ಬದಿಗೂ ನಡುವೆ ಬೋರ್ಡಿನ ಮೇಲೆ ಒಂದು ಮಿಲಿಮೀಟರ್ ಜಾಗವೂ ಇಲ್ಲ. ಅಲ್ಲಿ ನಾಲ್ಕಾರು ಮಿಲಿಮೀಟರ್ ಬಿಡಬೇಕು. ಎರಡೂ ಬದಿಯನ್ನು ದಾಟುವ ಕೆಪಾಸಿಟರ್ ಕೂಡ ‘ವೈ’ ಕ್ಲಾಸಿನದಾಗಿರಬೇಕು, ಅದು ಕೆಟ್ಟರೂ ಕರೆಂಟನ್ನು ಆಚೆ ಬಿಡದ ಹಾಗೆ ಮಾಡಿದ್ದು. ಇಲ್ಲಿ ಇದ್ದದ್ದು ಮಾಮೂಲಿ ಸೆರಾಮಿಕ್ ಬಿಲ್ಲೆ. ಅದು ಶಾರ್ಟ್ ಆಗಿದ್ದರೆ ದೊಡ್ಡಮ್ಮನ ಕಿವಿಯ ಹತ್ತಿರವಿದ್ದ ಫೋನಿಗೆ ನೇರ ಮನೆಯ ಲೈನು.

ಅಂದ ಹಾಗೆ ಆ ಚಾರ್ಜರ್ ಎಂಟು ತಿಂಗಳು ಚೆನ್ನಾಗಿಯೇ ಫೋನು ಚಾರ್ಜ್ ಮಾಡಿತ್ತು. ನನ್ನ ಜಗಳ ಇರುವುದು ಇಲ್ಲಿಯೇ. ಚಾರ್ಜರಿನ ಗುಣ ಗೊತ್ತಾಗುವುದು ಅದು ಕೆಲಸ ಮಾಡುವಾಗ ಅಲ್ಲ, ಸಾಯುವಾಗ. “ನಾನು ಎರಡು ವರ್ಷದಿಂದ ಯೂಸ್ ಮಾಡ್ತಿದ್ದೇನೆ, ಏನೂ ಆಗಿಲ್ಲ” ಅನ್ನುವವರ ಸರ್ಟಿಫಿಕೇಟಿಗೆ ಮೂರು ಕಾಸಿನ ಬೆಲೆ ಇಲ್ಲ.

ಇದನ್ನು ಗೆಳೆಯರಿಗೆ ಹೇಳಿದರೆ ಎಲ್ಲರದ್ದೂ ಒಂದೇ ಉಪದೇಶ. “ಊರಿನ ಅಂಗಡಿಯಲ್ಲಿ ಯಾಕೆ ತಗೊಂಡ್ರು? ಒರಿಜಿನಲ್ ಬ್ರಾಂಡೆಡ್ ತರಿಸಬೇಕಿತ್ತು.” ಅಯ್ಯಾ, ದೊಡ್ಡಮ್ಮ ಅಂಗಡಿಯಲ್ಲಿ ಕೇಳಿದ್ದೂ ಅದನ್ನೇ! “ಒರಿಜಿನಲ್ಲೇ ಅಮ್ಮಾ, ಕಂಪ್ನಿದೇ, ಹೆಸ್ರ್ ಕಾಣಿ” ಅಂದಿದ್ದನಂತೆ. ಹೆಸರು ಇತ್ತು. ಹೆಸರು ಅಚ್ಚು ಹಾಕಲು ಎಷ್ಟು ಖರ್ಚು? 2016ರಲ್ಲಿ ಆಪಲ್ ಹೆಸರಿನ 400 ನಕಲಿ ಚಾರ್ಜರ್‌ಗಳನ್ನು ಯುಎಲ್ ಸಂಸ್ಥೆ ಪರೀಕ್ಷೆಗೆ ಹಚ್ಚಿತ್ತು. 397 ಫೇಲು. ಅವುಗಳಲ್ಲಿ 12 ಮನುಷ್ಯನನ್ನು ಕೊಲ್ಲುವಷ್ಟು ಕೆಟ್ಟವು. ಹೆಸರು ಎಲ್ಲದರ ಮೇಲೂ ಇತ್ತು.

ಸರಿ, ನಿಜವಾದ ಒರಿಜಿನಲ್ ಆದರೆ? 2007ರ ಆಗಸ್ಟ್ ನೆನಪಿದೆಯಾ, ಹಳೇ ಬ್ಲಾಗಿಗರಿಗೆ? ನೋಕಿಯಾದ ಬಿಎಲ್-5ಸಿ ಬ್ಯಾಟರಿ! ಚಾರ್ಜಿಗಿಟ್ಟಾಗ ವಿಪರೀತ ಬಿಸಿಯಾಗಬಹುದು ಅಂತ ಕಂಪನಿಯೇ ಹೇಳಿತ್ತು. 2005ರ ಡಿಸೆಂಬರಿನಿಂದ 2006ರ ನವೆಂಬರಿನವರೆಗೆ ಮತ್ಸುಶಿತಾ ಕಂಪನಿ ಮಾಡಿಕೊಟ್ಟ 4 ಕೋಟಿ 60 ಲಕ್ಷ ಬ್ಯಾಟರಿಗಳು. ನಕಲಿ ಅಲ್ಲ ಸ್ವಾಮಿ, ಅಪ್ಪಟ ಒರಿಜಿನಲ್. ದೇಶವಿಡೀ ಎಸ್ಸೆಮ್ಮೆಸ್ ಗುಲ್ಲೋ ಗುಲ್ಲು, ಬಾಂಬು ಜೇಬಲ್ಲಿಟ್ಟುಕೊಂಡ ಹಾಗೆ ಜನ ಫೋನು ಹಿಡಿದುಕೊಂಡು ಓಡಾಡಿದ್ದರು. ಆಗ ಜನರನ್ನು ಕಾಪಾಡಿದ್ದು ಬ್ಯಾಟರಿಯ ಬೆನ್ನಿನ ಮೇಲಿದ್ದ 26 ಅಕ್ಷರದ ಗುರುತು ಸಂಖ್ಯೆ. ಅದನ್ನು ನೋಕಿಯಾದ ವೆಬ್‌ಸೈಟಿನಲ್ಲಿ ಹಾಕಿದರೆ ನಿಮ್ಮದು ಆ ಪಟ್ಟಿಯದೋ ಅಲ್ಲವೋ ಗೊತ್ತಾಗುತ್ತಿತ್ತು, ಆ ಪಟ್ಟಿಯದಾದರೆ ಬದಲಿ ಬ್ಯಾಟರಿ ಪುಕ್ಕಟೆ. ಒರಿಜಿನಲ್ ಕೂಡ ಕೆಡುತ್ತದೆ. ಕೆಟ್ಟಾಗ ಉತ್ತರ ಕೊಡಲು ಯಾರಾದರೂ ಇದ್ದಾರಾ, ಅದು ಪ್ರಶ್ನೆ.

ನಮ್ಮವರ ಪರೀಕ್ಷೆಗಳನ್ನು ನೋಡಿದರೆ ನಗು ಬರುತ್ತದೆ. ಗಂಗೊಳ್ಳಿ ಬಂದರಿನಲ್ಲಿ ಬಂಗುಡೆ ತೆಗೆದುಕೊಳ್ಳುವಾಗ ಕಿವಿರು ಎತ್ತಿ ಕೆಂಪಿದೆಯಾ ಅಂತ ನೋಡದೆ ಯಾರೂ ದುಡ್ಡು ಕೊಡುವುದಿಲ್ಲ. ಅದೇ ಜನ ಚಾರ್ಜರನ್ನು ಅಂಗೈಯಲ್ಲಿ ತೂಗಿ “ಭಾರ ಇದೆ, ಗಟ್ಟಿ ಮಾಲು” ಅನ್ನುತ್ತಾರೆ! ಭಾರದ ಲೆಕ್ಕ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇದ್ದ ಕಾಲದ್ದು. ಪವರ್ ಬ್ಯಾಂಕಿನೊಳಗೆ ಮರಳು ತುಂಬಿ ಮಾರಿದ್ದೂ ಇದೆ, ಭಾರ ಬೇಕಾದರೆ ಅದೂ ಭಾರವೇ. ಹೊಲೋಗ್ರಾಮು? ಅದನ್ನೂ ಅಚ್ಚು ಹಾಕುತ್ತಾರೆ. ಮುಟ್ಟಿದರೆ ಜುಮ್ ಅಂದರೆ ನಕಲಿ ಅನ್ನುವುದೂ ಪೂರ್ತಿ ನಿಜ ಅಲ್ಲ. ಎರಡು ಪಿನ್ನಿನ ಒಳ್ಳೆಯ ಚಾರ್ಜರೂ ಲೋಹದ ಮೈಯ ಫೋನಿನಲ್ಲಿ ಸ್ವಲ್ಪ ಜುಮ್ ಅನ್ನಿಸುತ್ತದೆ. 18650 ಸೆಲ್ಲಿನ ಮೇಲೆ 9900 ಎಂಎಎಚ್ ಅಂತ ಬರೆದಿದ್ದರೆ ಮಾತ್ರ ಕಣ್ಣು ಮುಚ್ಚಿ ಸುಳ್ಳು ಅನ್ನಿ, ಆ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ 3500ರ ಆಸುಪಾಸು ಹಿಡಿಯುತ್ತದೆ ಅಷ್ಟೆ.

ನಾನು ಒಪ್ಪುವ ಒಂದು ಮನೆ ಪರೀಕ್ಷೆ ಅಂದರೆ ಅಯಸ್ಕಾಂತ. ಪ್ಲಗ್ಗಿನ ಪಿನ್ನಿಗೆ ಹಿಡಿಯಿರಿ. ಅಂಟಿಕೊಂಡರೆ ಅದು ಹಿತ್ತಾಳೆ ಅಲ್ಲ, ಮೇಲೆ ಬಣ್ಣ ಕೊಟ್ಟ ಕಬ್ಬಿಣ. ನಮ್ಮ ಉಪ್ಪುಗಾಳಿಗೆ ಅದು ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು, ಸಾಕೆಟ್ಟಿನಲ್ಲಿ ಸರಿ ಕೂರದೆ ಬಿಸಿಯಾಗುತ್ತದೆ. ಬೆಂಗಳೂರಿನಲ್ಲಿ ಕೂತು ರಿವ್ಯೂ ಬರೆಯುವವರಿಗೆ ಇದು ಹೊಳೆಯುವುದಿಲ್ಲ :-)

ಇನ್ನು ರಿಪೇರಿಯವರನ್ನು ಬಯ್ಯುವವರಿಗೆ ಒಂದು ಮಾತು. ಪೇಟೆಯಲ್ಲಿ ನನಗೆ ಪರಿಚಯದ ಒಬ್ಬ ಅಣ್ಣ ಇದ್ದಾರೆ. ಫ್ಯಾನು ನಿಧಾನ ಆಯ್ತು ಅಂತ ಹೋದೆ. ಮೇಜಿನ ಮೇಲೆ ಎರಡು ಕೆಪಾಸಿಟರ್ ಇಟ್ಟರು, ಎರಡರ ಮೇಲೂ 2.5 ಮೈಕ್ರೋಫ್ಯಾರಡ್ ಅಂತಲೇ ಬರೆದಿದೆ. ಮೀಟರ್ ಹಚ್ಚಿದರು. ಒಂದು 2.48, ಇನ್ನೊಂದು 1.9. ವ್ಯತ್ಯಾಸ ಹತ್ತೋ ಹದಿನೈದೋ ರೂಪಾಯಿ. “ನಿಮಗೆಲ್ಲ ಹತ್ತ್ ರೂಪಾಯಿ ಕಮ್ಮಿ ಆಯ್ಕ್. ಇದನ್ ಹಾಕೂಕೆ ನಂಗ್ ಮನ್ಸಿಲ್ಲ, ಎಂತ ಮಾಡ್ಲಿ ಹೇಳಿ?” ಹಳೆಯ ಒಳ್ಳೆ ಬೋರ್ಡುಗಳನ್ನು ಅವರು ಎಸೆಯುವುದಿಲ್ಲ. ಅದರಲ್ಲಿನ 105 ಡಿಗ್ರಿಯ ಕೆಪಾಸಿಟರ್ ಕಿತ್ತು, ಅಳೆದು, ಬಳಸುತ್ತಾರೆ. ಹೊಸ ತೊಗಲು ಹಾಕಿದ ಯಾವುದೋ ಮಾಲಿಗಿಂತ ಅಳೆದ ಹಳೆಯದು ವಾಸಿ ಅನ್ನುವುದು ಅವರ ವಾದ, ನನ್ನದೂ. ಬಿಡಿಭಾಗ ಮಾರಲು ಕಂಪನಿಗಳಿಗೇ ಇಷ್ಟ ಇಲ್ಲ. ‘ರೈಟ್ ಟು ರಿಪೇರ್’ ಅಂತ ಕೇಂದ್ರ ಸರ್ಕಾರ 2022ರಲ್ಲಿ ಒಂದು ಪೋರ್ಟಲ್ ತೆರೆಯಿತು. ಆದರೆ ಅಣ್ಣನ ಮೇಜಿಗೆ ಇವತ್ತಿಗೂ ಒಂದೇ ಒಂದು ಕಂಪನಿಯ ಪಾರ್ಟು ನೇರವಾಗಿ ಬಂದದ್ದಿಲ್ಲ.

ಮೊದಲು ಫೋನಿನ ಡಬ್ಬಿಯಲ್ಲೇ ಚಾರ್ಜರ್ ಬರುತ್ತಿತ್ತು. 2020ರ ಅಕ್ಟೋಬರಿನಲ್ಲಿ ಆಪಲ್ ಪರಿಸರದ ಹೆಸರು ಹೇಳಿ ಅದನ್ನು ತೆಗೆಯಿತು, ಮರುವರ್ಷ ಸ್ಯಾಮ್‌ಸಂಗ್ ಕೂಡ ತನ್ನ ದುಬಾರಿ ಫೋನುಗಳಲ್ಲಿ ಅದೇ ದಾರಿ ಹಿಡಿಯಿತು. ಅಂದರೆ ಚಾರ್ಜರ್ ಆರಿಸುವ ಕೆಲಸ ಈಗ ನಮ್ಮ ತಲೆ ಮೇಲೆ.

ಹಾಗಾದರೆ ಏನು ಕೇಳಬೇಕು? ನಂಬರು ಕೇಳಿ. ಕಡ್ಡಾಯ ನೋಂದಣಿ ಆದೇಶದ ಪ್ರಕಾರ ಚಾರ್ಜರ್ ಮಾಡುವವರು ಬಿಐಎಸ್‌ನಲ್ಲಿ ನೋಂದಣಿ ಮಾಡಿಸಬೇಕು. ಚಾರ್ಜರಿನ ಮೈಮೇಲೆ ‘ಆರ್’ ಅಕ್ಷರ, ಅಡ್ಡಗೆರೆ, ಎಂಟು ಅಂಕಿ ಇರುತ್ತದೆ. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅದನ್ನು ಹಾಕಿದರೆ ತಯಾರಕರು ಯಾರು, ಬ್ರಾಂಡು ಯಾವುದು, ಯಾವ ವಸ್ತುವಿಗೆ ಕೊಟ್ಟ ನೋಂದಣಿ ಎಲ್ಲ ಬರುತ್ತದೆ. ಕೈಯಲ್ಲಿರುವುದು ಚಾರ್ಜರು, ಆ್ಯಪಿನಲ್ಲಿ ಬರುವುದು ಎಲ್ಇಡಿ ಬಲ್ಬು ಆದರೆ ಅಲ್ಲೇ ಇಟ್ಟು ಬನ್ನಿ. ನಂಬರನ್ನೂ ಕದಿಯಬಹುದಲ್ಲ ಅಂತ ಕಮೆಂಟು ಹಾಕುತ್ತೀರಿ, ಗೊತ್ತು. ಕದಿಯಬಹುದು. ಅದಕ್ಕೇ ಬಿಲ್ಲಿನಲ್ಲಿ ಆ ನಂಬರು ಬರೆಸಿ. ಕದ್ದ ನಂಬರಿಗೆ ಸೀಲು ಹೊಡೆದು ಸಹಿ ಹಾಕಲು ಅಂಗಡಿಯವನಿಗೆ ಎರಡು ಸಲ ಯೋಚನೆ ಬರುತ್ತದೆ.

ಮೊನ್ನೆ ದೊಡ್ಡಮ್ಮನಿಗೆ ಹೊಸ ಚಾರ್ಜರ್ ತರಲು ಶಾಸ್ತ್ರಿ ಸರ್ಕಲ್ ಹತ್ತಿರ ಹೋದೆ. ಮೊದಲ ಅಂಗಡಿಯಲ್ಲಿ “ಬಿಲ್ಲ್ ಬೇಕಾರೆ ಬೇರೆ ರೇಟ್” ಅಂದರು. ಎರಡನೆಯದರಲ್ಲಿ ಹುಡುಗ ಚಾರ್ಜರನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಲೈಟಿಗೆ ಹಿಡಿದು ಒದ್ದಾಡಿದ.

“ಇಷ್ಟ್ ಸಣ್ಣ ನಂಬ್ರ ಯಾರ್ ಓದುದ್ ಮಾರ್ರೆ? ಇಷ್ಟ್ ವರ್ಷದಲ್ಲಿ ಒಬ್ರೂ ಕೇಣ್ಲಿಲ್ಲ.”

ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದೆ. “ನಾ ಓದಿ ಹೇಳ್ತೆ, ನೀವ್ ಬರ್ದ್ ಕೊಡಿ” ಅಂದೆ. ಬರೆದುಕೊಟ್ಟ. ಹಿಂದೆ ನಿಂತಿದ್ದ ಹೆಂಗಸು ತಮ್ಮ ಕೈಯಲ್ಲಿದ್ದ ಚಾರ್ಜರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.