ರಜೆಯಲ್ಲಿ ನೀರೆರೆಯುವವರು ಯಾರು?

ಬೇಸಿಗೆ ಶಿಬಿರದಲ್ಲಿ ಮಕ್ಕಳ ಕೈಯಿಂದ ಸಸಿ ನೆಡಿಸುವುದು ಅನೇಕ ಶಾಲೆಗಳ ವಾಡಿಕೆಯಾಗಿದೆ. ಇದರ ದೋಷ ವಿಜಯಪುರದ ಸ್ಟೇಷನ್ ರಸ್ತೆಯಂತಹ ಕಡೆ ಬೇಗ ಬಯಲಾಗುತ್ತದೆ. ಗೋಳಗುಮ್ಮಟವಿರುವ ಆ ರಸ್ತೆಯಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಗೆ ಜುಲೈ ಒಂದರಲ್ಲೇ ಅದರ ಮೂರು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ವಿಜಯಪುರದಲ್ಲಿ ಮಳೆ ಬಲಿಯುವುದೇ ಸೆಪ್ಟೆಂಬರಿನಲ್ಲಿ. ಶಿಬಿರ ಮುಗಿದು ಶಾಲೆಗೆ ಬೀಗ ಬಿದ್ದ ಮೇಲೆ ಏಪ್ರಿಲಿನ ಸಸಿ ಯಾರ ಆಸರೆಯಲ್ಲಿ ಬದುಕಬೇಕು? ಮಲೆನಾಡಿನಲ್ಲಿಯೂ ಈ ಪ್ರಶ್ನೆ ಇದ್ದೇ ಇದೆ. ಜೂನ್ ಮಳೆ ಅದನ್ನು ಮುಚ್ಚಿಹಾಕುತ್ತದೆ, ಅಷ್ಟೇ.

ಬೇಸಿಗೆಯಲ್ಲಿ ಮಕ್ಕಳಿಗೆ ತೋಟದ ಕೆಲಸವೇ ಇಲ್ಲವೆಂದಲ್ಲ. ಹುಣಸೆ ಬೀಜ ಆಯುವುದು, ತರಗೆಲೆಯಿಂದ ಗೊಬ್ಬರದ ಗುಂಡಿ ತುಂಬುವುದು, ಹಿಂದಿನ ವರ್ಷದ ಗಿಡಗಳ ಬುಡದಲ್ಲಿ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿಡುವುದು, ಶಾಲೆ ತೆರೆದು ಬಿಸಿಯೂಟ ಆರಂಭವಾದಾಗ ಕೈತೊಳೆದ ನೀರು ನುಗ್ಗೆಯ ಪಾತಿಗೆ ಹರಿಯುವಂತೆ ಕಾಲುವೆ ತೋಡುವುದು, ಇವೆಲ್ಲ ಆಗಬೇಕಾದ ಕೆಲಸಗಳು. ಛಾಯಾಚಿತ್ರದಲ್ಲಿ ಇವು ಅಂದವಾಗಿ ಕಾಣವು, ನಿಜ. ನೆಡುವ ಕಾರ್ಯ ಮಳೆಗಾಲಕ್ಕಿರಲಿ. ಶಿಬಿರದ ಕೊನೆಯ ದಿನ ಸಸಿ ಹಂಚುವ ಬದಲು, ರಜೆಯ ಯಾವ ವಾರ ಯಾವ ಮನೆಯವರು ಬಂದು ಗಡಿಗೆ ತುಂಬುವರೆಂಬ ಪಟ್ಟಿಯನ್ನು ಶಾಲೆಯ ಬಾಗಿಲಿಗೆ ಅಂಟಿಸುವುದು ಲೇಸು.