ಬ್ಲೀಡಿಂಗ್ ಎಡ್ಜ್ ಅನ್ನೋ ಜಂಭ

"ನಾನು ಆರ್ಚ್ ಬಳಸ್ತೀನಿ" ಅಂತ ಯಾರಾದರೂ ಎದೆಯುಬ್ಬಿಸಿ ಹೇಳಿದರೆ ಈಚೆಗೆ ನಾನು ಕೇಳುವುದು ಒಂದೇ ಪ್ರಶ್ನೆ. "ಸಂತೋಷ ಸ್ವಾಮಿ. ಕಳೆದ ಒಂದು ವರ್ಷದಲ್ಲಿ ಎಷ್ಟು ಬಗ್ ವರದಿ ಹಾಕಿದ್ರಿ?" ಸಂಬಳ ಎಷ್ಟು ಅಂತ ಕೇಳಿದೆನೇನೋ ಅನ್ನೋ ಹಾಗೆ ಮುಖ ನೋಡ್ತಾರೆ. ಒಬ್ಬರಂತೂ "ಅದೆಲ್ಲ ಮಾಡೋಕೆ ಬೇರೆಯವರಿದ್ದಾರಲ್ಲ" ಅಂದರು. ಅವರು ಯಾರು, ಎಲ್ಲಿದ್ದಾರೆ, ಅವರಿಗೆ ಕನ್ನಡ ಬರುತ್ತಾ ಅಂತ ನಾನು ಮತ್ತೆ ಕೇಳಲು ಹೋಗಲಿಲ್ಲ.

ಲಿನಕ್ಸ್ ಮುಟ್ಟದ ಬ್ಲಾಗಿಗರಿಗಾಗಿ ಎರಡು ಮಾತು. ಲಿನಕ್ಸ್ ವಿತರಣೆಗಳಲ್ಲಿ ಒಂದು ಜಾತಿ ನಿಧಾನದ್ದು. ಡೆಬಿಯನ್ ಸ್ಟೇಬಲ್, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಇಂಥವು. ಒಮ್ಮೆ ಬಿಡುಗಡೆಯಾದರೆ ಒಳಗಿನ ತಂತ್ರಾಂಶಗಳ ಆವೃತ್ತಿ ಬಹುಪಾಲು ಹಾಗೇ ಇರುತ್ತದೆ, ತೇಪೆ ಮಾತ್ರ ಹಾಕುತ್ತಾರೆ. ಇನ್ನೊಂದು ಜಾತಿ ಬ್ಲೀಡಿಂಗ್ ಎಡ್ಜ್. ಡೆಬಿಯನ್ ಸಿಡ್, ಫೆಡೋರಾ ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್, ಆರ್ಚ್. ಹೊಸ ಆವೃತ್ತಿ ಬಂದ ಕೆಲವೇ ದಿನದಲ್ಲಿ ನಿಮ್ಮ ಯಂತ್ರದೊಳಗೆ. ಸಿಡ್ ಅನ್ನೋದು ಟಾಯ್ ಸ್ಟೋರಿ ಚಿತ್ರದಲ್ಲಿ ಆಟಿಕೆಗಳನ್ನು ಮುರಿದು ಹಾಕುವ ಪಕ್ಕದ ಮನೆ ಹುಡುಗನ ಹೆಸರು. ಹೆಸರಿಟ್ಟವರು ಏನನ್ನೂ ಮುಚ್ಚಿಟ್ಟಿಲ್ಲ ನೋಡಿ.

ಈಗಿನ ಫ್ಯಾಷನ್ ಏನೆಂದರೆ ಈ ಎರಡನೇ ಜಾತಿಯನ್ನೇ ಇಸ್ತ್ರಿ ಮಾಡಿ, ಬಣ್ಣ ಹಚ್ಚಿ "ಡೆವಲಪರುಗಳಿಗಾಗಿ" ಅಂತ ಬೋರ್ಡು ಹಾಕುವುದು. ರೂಬಿ ಆನ್ ರೈಲ್ಸ್ ಬರೆದ ಡೇವಿಡ್ ಹೈನಮೈಯರ್ ಹಾನ್ಸನ್ 2025ರಲ್ಲಿ ಆರ್ಚ್ ಮೇಲೆ ಹೈಪರ್‌ಲ್ಯಾಂಡ್ ಕೂರಿಸಿ ಒಮಾರ್ಚಿ ಅಂತ ಒಂದನ್ನು ಹೊರತಂದರು. ನೋಡಲು ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದರೆ ಅದರ ಸ್ಕ್ರೀನ್‌ಶಾಟುಗಳನ್ನು ನೋಡಿ ನಮ್ಮ ಹುಡುಗರು ಅರ್ಥ ಮಾಡಿಕೊಳ್ಳುವುದು ಒಂದೇ: ಇದನ್ನು ಹಾಕಿಕೊಂಡರೆ ನಾನು ಡೆವಲಪರ್, ಉಬುಂಟು ಹಾಕಿಕೊಂಡರೆ ಗುಮಾಸ್ತ.

ನನ್ನ ಜಗಳ ಈ ತಿಳುವಳಿಕೆಯ ಜೊತೆ. ಬ್ಲೀಡಿಂಗ್ ಎಡ್ಜ್ ಅನ್ನುವುದು ಅಡುಗೆಮನೆ, ಪಂಕ್ತಿ ಅಲ್ಲ. ಮದುವೆ ಮನೆಯಲ್ಲಿ ಐನೂರು ಜನರಿಗೆ ಬಡಿಸುವ ಮೊದಲು ಯಾರೋ ಒಬ್ಬರು ಸಾರಿನ ಉಪ್ಪು ನೋಡಬೇಕು. (ನೈವೇದ್ಯಕ್ಕೆ ಮುಂಚೆ ರುಚಿ ನೋಡಬಾರದು ಅನ್ನುವವರು ಬೇರೆ ಉದಾಹರಣೆ ಹುಡುಕಿಕೊಳ್ಳಿ :-)) ಸಿಡ್, ರಾಹೈಡ್ ಬಳಸುವವರು ಉಪ್ಪು ನೋಡುವವರು. ಅಡುಗೆಮನೆಗೆ ನುಗ್ಗಿ, ಬಿಸಿ ಬಿಸಿ ಹೋಳಿಗೆ ಎಲ್ಲರಿಗಿಂತ ಮೊದಲು ತಿಂದು, ಸಾರಿಗೆ ಉಪ್ಪೇ ಇಲ್ಲ ಅನ್ನುವುದನ್ನು ಭಟ್ಟರಿಗೆ ಹೇಳದೆ ಎದ್ದು ಹೋಗುವವರನ್ನು ಏನಂತ ಕರೆಯೋಣ?

ಇದು ಬರೀ ಸೌಜನ್ಯದ ಪ್ರಶ್ನೆ ಅಂದುಕೊಂಡಿರಾ? ಅಲ್ಲ. ಡೆಬಿಯನ್‌ನಲ್ಲಿ ವ್ಯವಸ್ಥೆಯೇ ಹಾಗಿದೆ. ಸಿಡ್‌ಗೆ ಬಂದ ಪ್ಯಾಕೇಜು ಕೆಲವು ದಿನ ಅಲ್ಲಿ ಕೂತಿರುತ್ತದೆ. ಅಷ್ಟರೊಳಗೆ ಗಂಭೀರ ಬಗ್ ಯಾರೂ ವರದಿ ಮಾಡದಿದ್ದರೆ, ಬೇರೆ ಅಡ್ಡಿಯೂ ಇಲ್ಲದಿದ್ದರೆ, ತಾನಾಗಿಯೇ ಟೆಸ್ಟಿಂಗ್‌ಗೆ ದಾಟುತ್ತದೆ. ಟೆಸ್ಟಿಂಗ್ ಮುಂದೆ ಸ್ಟೇಬಲ್ ಆಗುತ್ತದೆ. ಮೌನಂ ಸಮ್ಮತಿ ಲಕ್ಷಣಂ ಅನ್ನುವುದನ್ನು ಇಷ್ಟು ಅಕ್ಷರಶಃ ಪಾಲಿಸುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ನಿಮ್ಮ ಸುಮ್ಮನಿರುವಿಕೆಯೂ ಅಲ್ಲಿ ಒಂದು ವೋಟು.

ಆ ವೋಟು ಏನು ಮಾಡಬಲ್ಲದು ಅನ್ನುವುದಕ್ಕೆ ಎರಡು ಕಥೆ ಇವೆ. ಎರಡರಲ್ಲೂ ವ್ಯಾಲ್‌ಗ್ರೈಂಡ್ ಅನ್ನೋ ಮೆಮರಿ ತಪಾಸಣೆಯ ಉಪಕರಣ ಬರುತ್ತದೆ, ಅದಕ್ಕೇ ಒಟ್ಟಿಗೆ ಹೇಳ್ತೀನಿ.

ಮೊದಲನೆಯದು 2006ರದ್ದು. ಓಪನ್‌ಎಸ್‌ಎಸ್‌ಎಲ್‌ನ ಕೋಡಿನ ಬಗ್ಗೆ ವ್ಯಾಲ್‌ಗ್ರೈಂಡ್ ಎಚ್ಚರಿಕೆ ಕೊಡುತ್ತಿತ್ತು. ಆ ಕಿರಿಕಿರಿ ನಿಲ್ಲಿಸಲು ಡೆಬಿಯನ್‌ನವರು ಕೋಡನ್ನು ಕಮೆಂಟ್ ಮಾಡಿದರು. ಯಾದೃಚ್ಛಿಕ ಸಂಖ್ಯೆ ಹುಟ್ಟಿಸಲು ಬೇಕಾದ ಬೀಜವೆಲ್ಲ ಅದರೊಂದಿಗೇ ಹೋಯಿತು, ಉಳಿದದ್ದು ಪ್ರೊಸೆಸ್ ಸಂಖ್ಯೆ ಒಂದೇ. ಅಂದರೆ ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿಗೆ ಹೆಚ್ಚೂಕಡಿಮೆ 32,768 ಸಾಧ್ಯತೆ ಮಾತ್ರ. ಲ್ಯಾಪ್‌ಟಾಪಿನಲ್ಲಿ ಕೂತು ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬಹುದು. ಆ ಪ್ಯಾಕೇಜು ಸೆಪ್ಟೆಂಬರ್ 2006ರಲ್ಲಿ ಸಿಡ್‌ಗೆ ಬಂತು. ಸಿಡ್ ಬಳಸುತ್ತಿದ್ದವರು ಅದರಲ್ಲೇ ಕೀಲಿ ಮಾಡಿಕೊಂಡು ಬಳಸಿದರು. ಯಾರಿಗೂ ಅನುಮಾನ ಬರಲಿಲ್ಲ. ಏಪ್ರಿಲ್ 2007ರಲ್ಲಿ ಎಚ್ ಆವೃತ್ತಿಯೊಡನೆ ಸ್ಟೇಬಲ್‌ಗೆ ಹೋಯಿತು, ಉಬುಂಟುವಿಗೂ ಹೋಯಿತು. ಸಿಕ್ಕಿಬಿದ್ದದ್ದು ಮೇ 2008ರಲ್ಲಿ. ಅಷ್ಟರಲ್ಲಿ ಆ ಯಂತ್ರಗಳಲ್ಲಿ ಮಾಡಿದ ಕೀಲಿಗಳನ್ನೆಲ್ಲ ಎಸೆದು ಹೊಸದು ಮಾಡಿಕೊಳ್ಳಬೇಕಾಯಿತು. ಇಂಥ ದೋಷ ಕಣ್ಣಿಗೆ ಕಾಣುವಂಥದ್ದಲ್ಲ, ಒಪ್ಪಿದೆ. ಆದರೆ "ಸಾವಿರಾರು ಡೆವಲಪರುಗಳು ಬಳಸಿ ನೋಡಿದ್ದಾರೆ, ಅದಕ್ಕೇ ಗಟ್ಟಿ" ಅನ್ನುವ ಮಾತಿಗೆ ಬೆಲೆ ಎಷ್ಟು ಅಂತ ಇದರಿಂದ ಗೊತ್ತಾಗುತ್ತದೆ. ಬಳಸುವುದೇ ಬೇರೆ, ನೋಡುವುದೇ ಬೇರೆ.

ಎರಡನೆಯದು 2024ರದ್ದು. ಆಂಡ್ರೆಸ್ ಫ್ರೋಯಿಂಡ್ ಅಂತ ಒಬ್ಬರು, ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸಿನ ಡೆವಲಪರ್, ಮೈಕ್ರೋಸಾಫ್ಟ್‌ನಲ್ಲಿ ಕೆಲಸ. ಡೆಬಿಯನ್ ಸಿಡ್ ಯಂತ್ರವೊಂದರಲ್ಲಿ ಏನೋ ವೇಗ ಅಳೆಯುತ್ತಿದ್ದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ, ಸಿಪಿಯು ಹೆಚ್ಚು ತಿನ್ನುತ್ತಿದೆ ಅಂತ ಕಂಡಿತು. ನಾವಾಗಿದ್ದರೆ? ನೆಟ್ ಸ್ಲೋ ಅಂತ ಬೈದು ಟೀ ಕುಡಿಯೋಕೆ ಎದ್ದು ಹೋಗ್ತಿದ್ವಿ. ಅವರಿಗೆ ಕೆಲವು ವಾರದ ಹಿಂದೆ, ಪ್ಯಾಕೇಜು ಅಪ್‌ಡೇಟ್ ಆದ ಮೇಲೆ, ಪೋಸ್ಟ್‌ಗ್ರೆಸ್ ಪರೀಕ್ಷೆಗಳಲ್ಲಿ ವ್ಯಾಲ್‌ಗ್ರೈಂಡ್ ವಿಚಿತ್ರ ದೂರು ಕೊಟ್ಟಿದ್ದು ನೆನಪಾಯಿತು. ಎರಡನ್ನೂ ಜೋಡಿಸಿ ಎಳೆ ಹಿಡಿದು ಹೋದರು. ಸಿಕ್ಕಿದ್ದು ಎಕ್ಸ್‌ಜೆಡ್ ಅನ್ನೋ ಪುಟ್ಟ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಬಚ್ಚಿಟ್ಟ ಹಿಂಬಾಗಿಲು. "ಜಿಯಾ ಟಾನ್" ಅನ್ನೋ ಹೆಸರಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಹುಡುಗನ ಹಾಗೆ ಪ್ಯಾಚ್ ಕಳಿಸುತ್ತಾ, ದಣಿದಿದ್ದ ಮೂಲ ನಿರ್ವಾಹಕರ ವಿಶ್ವಾಸ ಗಳಿಸಿ ಸಹ-ನಿರ್ವಾಹಕರಾಗಿ, ಆಮೇಲೆ ಈ ಕೆಲಸ ಮಾಡಿದ್ದರು. ಮಾರ್ಚ್ 29, 2024ರಂದು ಫ್ರೋಯಿಂಡ್ ಎಲ್ಲರಿಗೂ ತಿಳಿಸಿದರು. ಆಗ ಅದು ಸಿಡ್, ರಾಹೈಡ್, ಟಂಬಲ್‌ವೀಡ್ ಸೇರಿತ್ತು, ಡೆಬಿಯನ್ ಸ್ಟೇಬಲ್‌ಗಾಗಲೀ ರೆಡ್ ಹ್ಯಾಟ್ ಎಂಟರ್‌ಪ್ರೈಸ್‌ಗಾಗಲೀ ತಲುಪಿರಲಿಲ್ಲ. ಆರ್ಚ್‌ಗೂ ಆ ಪ್ಯಾಕೇಜು ಬಂದಿತ್ತು, ಆದರೆ ಹಿಂಬಾಗಿಲು ಡೆಬ್ ಅಥವಾ ಆರ್‌ಪಿಎಂ ಕಟ್ಟುವಾಗ ಮಾತ್ರ ಸೇರಿಕೊಳ್ಳುವಂತೆ ಬರೆದದ್ದರಿಂದ ಅವರು ಬಚಾವು. ಅದೃಷ್ಟ, ಜಾಣತನವೇನಲ್ಲ.

ಈ ಎರಡನೇ ಕಥೆಯನ್ನು ಎರಡೂ ಪಕ್ಷದವರು ತಮಗೆ ಬೇಕಾದ ಹಾಗೆ ಹೇಳಿಕೊಂಡು ತಿರುಗ್ತಾರೆ. ಸ್ಟೇಬಲ್ ಭಕ್ತರು "ನೋಡಿ, ಹೊಸದರ ಹಿಂದೆ ಓಡಿದರೆ ಹೀಗೇ ಆಗೋದು" ಅಂತಾರೆ. ಮಾರಾಯ್ರೆ, ಸಿಡ್ ಯಂತ್ರದಲ್ಲಿ ಆ ಮನುಷ್ಯ ಕೂತಿರದಿದ್ದರೆ ಮುಂದಿನ ಸ್ಟೇಬಲ್‌ನಲ್ಲಿ ನೀವು ಅದನ್ನೇ ವರ್ಷಗಟ್ಟಲೆ ಹೊತ್ತುಕೊಂಡು ಇರುತ್ತಿದ್ದಿರಿ! ಆರ್ಚ್ ಭಕ್ತರು "ನಮ್ಮಂಥವರಿಂದಲೇ ಸಿಕ್ಕಿಬಿತ್ತು" ಅಂತಾರೆ. ನಿಮ್ಮಂಥವರಿಂದ ಅಲ್ಲ. ಐದು ವಾರ ಆ ಪ್ಯಾಕೇಜು ನಿಮ್ಮೆಲ್ಲರ ಯಂತ್ರಕ್ಕೆ ಬರುತ್ತಲೇ ಇತ್ತು.

ಹಾಗಂತ ಹಳೆಯದಕ್ಕೆ ಅಂಟಿಕೊಂಡರೆ ನೆಮ್ಮದಿ ಅನ್ನುವುದೂ ಭ್ರಮೆಯೇ. ಡಿಸೆಂಬರ್ 2023ರಲ್ಲಿ ಡೆಬಿಯನ್ 12.3 ಹೊರಬರುವ ಹೊತ್ತಿಗೆ ಅದರ 6.1.64 ಕರ್ನಲ್‌ನಲ್ಲಿ ಎಕ್ಸ್ಟ್4 ಫೈಲ್ ವ್ಯವಸ್ಥೆಯ ಡೇಟಾ ಕೆಡಿಸುವ ದೋಷ ಇದೆ ಅಂತ ಗೊತ್ತಾಗಿ, ಡಿಸ್ಕ್ ಇಮೇಜುಗಳನ್ನು ತಡೆದು, ಕೂಡಲೇ 12.4 ಬಿಟ್ಟರು. ಕಾರಣ ಕೇಳಿ. ಹೊಸ ಕರ್ನಲ್‌ನಿಂದ ಒಂದು ತೇಪೆಯನ್ನು ಹಳೆಯದಕ್ಕೆ ತಂದು ಹೊಲಿದಿದ್ದರು, ಅದರ ಜೊತೆಗಾರ ತೇಪೆ ಅಲ್ಲೇ ಉಳಿದಿತ್ತು. ಹಳೆಯದನ್ನು ಹಳೆಯದಾಗಿಯೇ ಇಡುವುದಕ್ಕೂ ಕೈ ಬೇಕು, ಕಣ್ಣು ಬೇಕು.

ಸರಿ, ಇದನ್ನೆಲ್ಲ ಕನ್ನಡ ಬ್ಲಾಗಿನಲ್ಲಿ ಯಾಕೆ ಕೊರೀತಿದೀನಿ?

ಯಾಕೆಂದರೆ ಅರ್ಧ ಸೆಕೆಂಡಿನ ತಡ ಜರ್ಮನ್ ಹೆಸರಿನವರ ಕಣ್ಣಿಗೂ ಬೀಳುತ್ತದೆ. ಅರ್ಕಾವತ್ತು ಕೆಟ್ಟರೆ ಯಾರ ಕಣ್ಣಿಗೆ ಬೀಳಬೇಕು? ನಾವು ಟೈಪಿಸುವ ಒಂದೊಂದು ಕನ್ನಡ ಪದವೂ ತೆರೆಗೆ ಬರುವಷ್ಟರಲ್ಲಿ ಕೀಲಿಮಣೆ ವಿನ್ಯಾಸ, ಐಬಸ್ ಅಥವಾ ಎಫ್‌ಸಿಟಿಎಕ್ಸ್, ಹಾರ್ಫ್‌ಬಜ್, ಪ್ಯಾಂಗೋ, ಫಾಂಟು ಅಂತ ನಾಲ್ಕಾರು ಕೈ ದಾಟಿ ಬರುತ್ತದೆ. ಪ್ರತಿಯೊಂದೂ ಬೇರೆ ಬೇರೆ ಯೋಜನೆ, ಬೇರೆ ಬೇರೆ ಜನ, ಹೆಚ್ಚಿನವರಿಗೆ ಕನ್ನಡದ ಗಂಧವಿಲ್ಲ. ಸೂರ್ಯದ 'ರ್ಯ' ಬೇರೆ, ರ‍್ಯಾಂಕಿನ 'ರ‍್ಯ' ಬೇರೆ, ಎರಡನೆಯದಕ್ಕೆ ರ ಆದ ಕೂಡಲೇ ಕಣ್ಣಿಗೆ ಕಾಣದ ಜಾಯಿನರ್ ಒಂದು ಕೂರಬೇಕು, ಹಳೆಯ ಪಠ್ಯಗಳಲ್ಲಿ ಅದು ಬೇರೆ ಕಡೆ ಕೂತಿರುತ್ತದೆ... ಇದನ್ನು ನಾವು ಹೇಳದೆ ಇನ್ಯಾರು ಹೇಳಬೇಕು? ಟರ್ಮಿನಲ್‌ನಲ್ಲಿ ಕನ್ನಡ ಕಡತದ ಹೆಸರು ನೋಡಿದವರಿಗೆ ಗೊತ್ತು, ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತವೆ. "ಡೆವಲಪರ್ ಡಿಸ್ಟ್ರೋ"ಗಳು ಇಡೀ ದಿನ ನಮ್ಮನ್ನು ಕೂರಿಸುವುದು ಅದೇ ಟರ್ಮಿನಲ್ ಮುಂದೆ! ಆದರೂ ದೂರಿಲ್ಲ. ಯಾಕೆಂದರೆ ಡೆವಲಪರ್ ಕನ್ನಡಿಗ ಟರ್ಮಿನಲ್‌ನಲ್ಲಿ ಕನ್ನಡ ಟೈಪಿಸುವುದೇ ಇಲ್ಲ.

ದೋಷ ರಾಹೈಡ್‌ನಲ್ಲಿ ಇರುವಾಗ ಹೇಳಿದರೆ ಅದನ್ನು ಬರೆದವರ ತಲೆಯಲ್ಲಿ ಕೋಡು ಇನ್ನೂ ಬಿಸಿಯಾಗಿರುತ್ತದೆ, ಸಂಜೆಗೆ ಸರಿಯಾದರೂ ಆಯಿತು. ಅದೇ ರೆಡ್ ಹ್ಯಾಟ್ ಎಂಟರ್‌ಪ್ರೈಸ್‌ಗೆ ಇಳಿದರೆ ಹತ್ತು ವರ್ಷದ ಬೆಂಬಲದ ಆವೃತ್ತಿ ಅದು. ಭದ್ರತಾ ದೋಷವಾದರೆ ತಿದ್ದುತ್ತಾರೆ, ಕನ್ನಡದ ಒತ್ತು ಪಕ್ಕಕ್ಕೆ ಸರಿದಿದೆ ಅಂದರೆ ಮುಂದಿನ ಆವೃತ್ತಿಗೆ ಅಂತಾರೆ. ನಮ್ಮ ಊರಿನ ಕಾಲೇಜು ಲ್ಯಾಬಿನ ಹುಡುಗಿ ಆ ಸರಿದ ಒತ್ತನ್ನೇ ನೋಡಿ "ಲಿನಕ್ಸ್‌ನಲ್ಲಿ ಕನ್ನಡ ಸರಿ ಬರಲ್ಲ ಸರ್" ಅಂತ ತೀರ್ಮಾನಿಸುತ್ತಾಳೆ. ಅವಳದೇನು ತಪ್ಪು?

ಗ್ಲಿಬ್‌ಸಿ 2.28 ಆಗಸ್ಟ್ 2018ರಲ್ಲಿ ಬಂದಾಗ ಅಕ್ಷರಗಳ ಅನುಕ್ರಮ ನಿಯಮಗಳೇ ಬದಲಾದವು, ಪೋಸ್ಟ್‌ಗ್ರೆಸ್‌ನ ಪಠ್ಯ ಇಂಡೆಕ್ಸುಗಳು ಕೆಟ್ಟವು. ಆರ್ಚ್‌ನವರಿಗೆ ಇದು 2018ರಲ್ಲೇ ಗೊತ್ತು. ಡೆಬಿಯನ್ ಸ್ಟೇಬಲ್‌ಗೆ ಅದೇ ಗ್ಲಿಬ್‌ಸಿ ಬಂದಿದ್ದು ಜುಲೈ 2019ರಲ್ಲಿ. ಸುಮಾರು ಒಂದು ವರ್ಷ ಸಮಯ ಇತ್ತು. ಆ ಒಂದು ವರ್ಷದಲ್ಲಿ ಕನ್ನಡದ ಹೆಸರುಗಳ ಪಟ್ಟಿಯೊಂದನ್ನು ಅಕಾರಾದಿಯಾಗಿ ಜೋಡಿಸಿ ನೋಡಿದವರು ನಮ್ಮಲ್ಲಿ ಯಾರಾದರೂ ಇದ್ದರೆ ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಮಲಯಾಳಿಗಳು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಅಂತ ಗುಂಪು ಕಟ್ಟಿಕೊಂಡು ಫಾಂಟು, ಅಕ್ಷರ ಜೋಡಣೆ ಎಲ್ಲದರ ಬೆನ್ನು ಹತ್ತಿದರು. ನಮ್ಮಲ್ಲೂ ನವಿಲು, ಗುಬ್ಬಿಯಂಥ ಫಾಂಟು ಮಾಡಿ ಡೆಬಿಯನ್‌ವರೆಗೆ ತಲುಪಿಸಿದವರು ಇದ್ದಾರೆ, ಆದರೆ ಅವರ ಬೆನ್ನಿಗೆ ನಿಂತು "ಈ ಅಕ್ಷರ ಇಲ್ಲಿ ಕೆಟ್ಟಿದೆ" ಅಂತ ಹೇಳುವವರು ಬೆರಳೆಣಿಕೆ. ಇಡೀ ದೇಶದ ಸಾಫ್ಟ್‌ವೇರ್ ರಾಜಧಾನಿ ಇರುವ ನಾಡು ಸ್ವಾಮಿ ಇದು!

ಇನ್ನೊಂದು ಸಿಟ್ಟು ಉಳಿದಿದೆ, ಬೇಗ ಹೇಳಿಬಿಡ್ತೀನಿ. ಬಗ್ ವರದಿ ಮಾಡಲಾರದವರ ತಲೆಗೆ ಆರ್ಚ್ ಕಟ್ಟಬೇಡಿ. ಮೊದಲ ವರ್ಷದ ಇಂಜಿನಿಯರಿಂಗ್ ಹುಡುಗನಿಗೆ, ಪ್ರಾಜೆಕ್ಟ್ ಸಬ್ಮಿಷನ್ ಹಿಂದಿನ ರಾತ್ರಿ ಗ್ರಬ್ ಕೈಕೊಟ್ಟರೆ ಅವನು ಯಾರನ್ನು ಕೇಳಬೇಕು? ಆಗಸ್ಟ್ 2022ರಲ್ಲಿ ಹಾಗೇ ಆಗಿತ್ತು, ಗ್ರಬ್ ಅಪ್‌ಡೇಟ್ ಆದ ಮೇಲೆ ಆರ್ಚ್ ಆಧಾರಿತ ಎಷ್ಟೋ ಯಂತ್ರಗಳು ಬೂಟ್ ಆಗಲೇ ಇಲ್ಲ. ಜುಲೈ 2025ರಲ್ಲಿ ಎಯುಆರ್ ಅನ್ನೋ ಬಳಕೆದಾರರ ಭಂಡಾರಕ್ಕೆ ಫೈರ್‌ಫಾಕ್ಸ್ ತೇಪೆಯ ಹೆಸರಿನಲ್ಲೇ ಕಳ್ಳ ತಂತ್ರಾಂಶ ತಂದಿಟ್ಟಿದ್ದರು, ಎರಡು ದಿನ ಇತ್ತು. ಕಟ್ಟುವ ಮೊದಲು ಆ ಕಡತ ಓದಿ ಅಂತ ಆರ್ಚ್‌ನವರೇ ಹೇಳ್ತಾರೆ. ಓದುವವರು ಬಳಸಲಿ. ಓದದವರಿಗೆ ಡೆಬಿಯನ್ ಸ್ಟೇಬಲ್ ಕೊಡಿ, ಹೊಸ ಪೈಥಾನ್ ಬೇಕಾದರೆ ಕಂಟೇನರ್ ಒಳಗೆ ಹಾಕಿಕೊಳ್ಳೋದು ಕಲಿಸಿ.

ಆದರೆ ನೀವು, ದಿನಾ ಕೋಡು ಬರೆದು ಸಂಬಳ ತಗೊಳ್ಳುವವರು, ಸಿಡ್ ಹಾಕಿ, ರಾಹೈಡ್ ಹಾಕಿ. ಆಫೀಸಿನ ಯಂತ್ರಕ್ಕೆ ಬೇಡ, ಮನೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪಿಗೆ. ಅಪ್‌ಡೇಟ್ ಆದ ದಿನ ಐದು ನಿಮಿಷ ಕನ್ನಡದಲ್ಲಿ ಏನಾದರೂ ಬರೆಯಿರಿ. ಕೆಟ್ಟಿದ್ದರೆ ಚಿತ್ರ ತೆಗೆದು, ಹೇಗೆ ಕಾಣಬೇಕಿತ್ತು ಅಂತ ಇನ್ನೊಂದು ಚಿತ್ರ ಜೋಡಿಸಿ, ಆಯಾ ಯೋಜನೆಯ ಬಗ್ ಪಟ್ಟಿಗೆ ಹಾಕಿ. ಇಂಗ್ಲಿಷ್ ವ್ಯಾಕರಣ ಹೆಚ್ಚುಕಡಿಮೆಯಾದರೆ ಅಲ್ಲಿ ಯಾರೂ ನಗುವುದಿಲ್ಲ.

ಆರ್ಚ್ ಗೆಳೆಯರು ಬಯ್ಯುವುದಿದ್ದರೆ ಧಾರಾಳವಾಗಿ ಕಮೆಂಟಿಸಿ. ಬಯ್ಯುವ ಮೊದಲು ಇಷ್ಟನ್ನು ನಿಮ್ಮ ಟರ್ಮಿನಲ್‌ನಲ್ಲಿ ಟೈಪ್ ಮಾಡಿ, ಸ್ಕ್ರೀನ್‌ಶಾಟ್ ಜೊತೆಗೇ ಕಳಿಸಿ: ಅರ್ಕಾವತಿ, ರ‍್ಯಾಂಕ್, ಲಕ್ಷ್ಮಿ, ರಾಷ್ಟ್ರ, ಸ್ವಾತಂತ್ರ್ಯ, ಕೃಷ್ಣ.